ಐದು ನಿಮಿಷದ ನೂಲು

ಸಂತ ವಾತ್ಸ್ಲಾವ್ ಹಬ್ಬದ ರಜೆಯ ಬೆಳಗ್ಗೆ ಲಿಬೆರೆಟ್ಸ್ ಊರಿನ ನೂಲು ಪರೀಕ್ಷೆಯ ಪ್ರಯೋಗಾಲಯದಲ್ಲಿ ವೆಂದುಲ ಒಬ್ಬಳೇ ಇದ್ದಳು. ಸೋಮವಾರ ವರದಿ ಕೊಡಬೇಕಿತ್ತು; ಇನ್ನೂ ಹನ್ನೆರಡು ತುಂಡು ಹುರಿ ಎಳೆದು ಹರಿಯುವುದು ಬಾಕಿಯಿತ್ತು. ಹದಿನೇಳು ವರ್ಷದಿಂದ ಅವಳ ಕೆಲಸವೇ ಅದು. ಹುರಿಯ ಎರಡು ತುದಿಗಳನ್ನು ಯಂತ್ರದ ದವಡೆಗೆ ಸಿಕ್ಕಿಸುವುದು, ದಪ್ಪ ಗಾಜಿನ ಬಾಗಿಲು ಮುಚ್ಚುವುದು, ಗುಂಡಿ ಒತ್ತುವುದು, ಎಷ್ಟು ಕಿಲೋಗೆ ಹರಿಯಿತೆಂದು ಬರೆದುಕೊಳ್ಳುವುದು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಮರಳುಗಲ್ಲಿನ ಬಂಡೆ ಹತ್ತುತ್ತಿದ್ದವಳು ಇಪ್ಪತ್ತೆರಡನೇ ವಯಸ್ಸಿಗೆ, ಪಕ್ಕದ ಗೋಪುರದಂಥ ಬಂಡೆಯಿಂದ ಒಬ್ಬ ಬಿದ್ದದ್ದನ್ನು ಕಂಡ ಮೇಲೆ, ಬಿಟ್ಟುಬಿಟ್ಟಿದ್ದಳು. ಹರಿಯುವುದೇನಿದ್ದರೂ ಗಾಜಿನ ಆಚೆಗೆ ಹರಿಯಲಿ ಎಂದು ಕೇಳಿದವರಿಗೆ ಹೇಳುತ್ತಿದ್ದಳು.

ಆ ವರ್ಷದ ಕೆಲಸ ಪಾಲಿಎಥಿಲೀನ್ ನೂಲಿನದು. ಉಕ್ಕಿಗಿಂತ ಗಟ್ಟಿ, ನೀರಿನಲ್ಲಿ ತೇಲುವಷ್ಟು ಹಗುರ. ಆದರೆ ಸೋಪಿನ ಹಾಗೆ ಜಾರುತ್ತದೆ. ಬಣ್ಣ ಹಿಡಿಯುವುದಿಲ್ಲ, ಅಂಟು ಕೂರುವುದಿಲ್ಲ, ಗಂಟು ಹಾಕಿದರೆ ಮೆಲ್ಲಗೆ ತಾನೇ ಬಿಚ್ಚಿಕೊಳ್ಳುತ್ತದೆ. ಅದರ ಮೈ ಒರಟು ಮಾಡಲು ಅದನ್ನು ಪ್ಲಾಸ್ಮಾದಲ್ಲಿ ಹಾಯಿಸುತ್ತಿದ್ದರು. ಗಾಳಿ ತೆಗೆದ ಕೋಣೆಯೊಳಗೆ ವಿದ್ಯುತ್ತು ಬಿಟ್ಟರೆ ಉಳಿದ ಚೂರು ಅನಿಲ ನೇರಳೆ ಬಣ್ಣಕ್ಕೆ ಹೊಳೆಯುತ್ತದೆ. ಆ ಹೊಳಪು ನೂಲಿನ ಎಳೆಗಳ ಮೈಯನ್ನು ಕಣ್ಣಿಗೆ ಕಾಣದ ಹಾಗೆ ಕೆರೆಯುತ್ತದೆ. ಅರ್ಧ ನಿಮಿಷ ಕೆರೆದರೆ ಗಂಟು ನಿಲ್ಲುತ್ತದೆ, ಬಲವೂ ಉಳಿಯುತ್ತದೆ. ಐದು ನಿಮಿಷ ಕೆರೆದರೆ ಎಳೆಗಳೇ ಸವೆದುಹೋಗುತ್ತವೆ. ಆಮೇಲೆ ಹುರಿ ಹೆಣೆದು ಓವನ್ನಿನಲ್ಲಿ ಕಾಯಿಸುವುದು. ಬಿಗಿಯಾಗಿ ಎಳೆದು ಹಿಡಿದು ಹದವಾಗಿ ಕಾಯಿಸಿದರೆ ಒಳ್ಳೆಯದು. ಸಡಿಲ ಬಿಟ್ಟು ಕರಗುವ ಹಂತದ ತನಕ ಕಾಯಿಸಿದರೆ ಒಳಗೆ ಸಾಲಾಗಿ ನಿಂತ ಅಣುಗಳ ಸರಪಳಿ ಮುದುರಿಕೊಂಡು, ಹುರಿ ಕುಗ್ಗಿ, ದಪ್ಪವಾಗಿ, ಸೆಟೆದು, ಬಲ ಕಳೆದುಕೊಳ್ಳುತ್ತದೆ. ಎಷ್ಟು ಕೆಡುತ್ತದೆಂದು ತಿಳಿಯಲಿಕ್ಕೆಂದೇ ಐದು ನಿಮಿಷ ಕೆರೆದು, ಸಡಿಲ ಬಿಟ್ಟು ಕಾಯಿಸಿ ಬೇಕಂತಲೇ ಕೆಡಿಸಿದ ಒಂದು ರೀಲೂ ಅವರ ಬಳಿ ಇತ್ತು.

ಒಂಬತ್ತೂ ಕಾಲಿಗೆ ವೆಂದುಲ ಆ ಕೆಟ್ಟ ರೀಲಿನಿಂದ ಮೊದಲ ತುಂಡು ಕತ್ತರಿಸಿ ಯಂತ್ರಕ್ಕೆ ಕೊಟ್ಟಳು. ಮುನ್ನೂರು ಕಿಲೋ ದಾಟುವುದರೊಳಗೆ ಹರಿಯಬೇಕಿತ್ತು. ಹರಿಯಲಿಲ್ಲ. ಅಂಕಿ ಐನೂರಕ್ಕೆ ಹೋಯಿತು, ಎಂಟುನೂರಕ್ಕೆ ಹೋಯಿತು. ಸಾವಿರದ ನಲವತ್ತಕ್ಕೆ ಗುಂಡು ಹೊಡೆದಂತೆ ಸದ್ದು ಮಾಡಿ ಹರಿಯಿತು. ಯಂತ್ರ ಕೆಟ್ಟಿದೆಯೆಂದುಕೊಂಡಳು. ಎರಡನೇ ತುಂಡು ಸಾವಿರದ ಇಪ್ಪತ್ತೈದು. ಮೂರನೆಯದಕ್ಕೆ ಕೈ ಹಾಕುವ ಮೊದಲು ಅಳತೆಯ ಇಕ್ಕಳ ತೆಗೆದು ಹುರಿಯ ದಪ್ಪ ನೋಡಿದಳು. ತೆಳುವಾಗಿತ್ತು. ಬಿಗಿ ಹಿಡಿದು ಕಾಯಿಸಿದ ಹುರಿ ಇರಬೇಕಾದಷ್ಟೇ ತೆಳು.

ಇಕ್ಕಳ ಕೆಳಗಿಟ್ಟು ರೀಲಿನ ಚೀಟಿಯನ್ನು ಮತ್ತೆ ಓದಿದಳು: ‘ಐದು ನಿಮಿಷ’.

ಮೂರು ವಾರದ ಹಿಂದೆ ಒಂದರ ಹಿಂದೊಂದು ಓವನ್ನಿನಿಂದ ತೆಗೆದು ಒಂದೇ ತಟ್ಟೆಯಲ್ಲಿಟ್ಟ ಎರಡು ರೀಲುಗಳ ಚೀಟಿಗಳೂ ಅಂಟು ಕರಗಿ ತಟ್ಟೆಯ ಮೇಲೆ ಉದುರಿದ್ದವು. ಅವಳೇ ಅವನ್ನು ಮತ್ತೆ ಅಂಟಿಸಿದ್ದಳು. ಯಾವುದು ಯಾವುದೆಂದು ಒಂದು ಕ್ಷಣ ಅನುಮಾನ ಬಂದಿತ್ತು. ಎಡಗಡೆಯದು ಎಡಕ್ಕೆ ಎಂದು ತೀರ್ಮಾನಿಸಿ ಊಟಕ್ಕೆ ಹೋಗಿದ್ದಳು. ಅದಾದ ವಾರಕ್ಕೆ, ‘ಅರ್ಧ ನಿಮಿಷ’ ಎಂಬ ಚೀಟಿಯಿದ್ದ ರೀಲಿನಿಂದ ಎಂಟು ಮೀಟರ್ ಹುರಿಯನ್ನು ಯಾರನ್ನೂ ಕೇಳದೆ ಮನೆಗೆ ಒಯ್ದು, ಅಪ್ಪನ ಹುಟ್ಟುಹಬ್ಬಕ್ಕೆ ಆರು ಕುಣಿಕೆ ಕಟ್ಟಿ ಕೊಟ್ಟಿದ್ದಳು.

ಆ ಕಡೆಯ ಮರಳುಗಲ್ಲಿಗೆ ಕಬ್ಬಿಣದ ಬೆಣೆ ತಾಗಿಸುವ ಹಾಗಿಲ್ಲ; ಮೆತ್ತನೆಯ ಕಲ್ಲು, ಒಡೆಯುತ್ತದೆ. ಹತ್ತುವವರು ಹುರಿಯ ಕುಣಿಕೆಗೆ ದಪ್ಪ ಗಂಟು ಹಾಕಿ, ಆ ಗಂಟನ್ನು ಬಿರುಕಿನೊಳಗೆ ತುರುಕಿ, ಅದಕ್ಕೆ ಕೊಂಡಿ ಹಾಕಿ ಹಗ್ಗ ಹಾಯಿಸುತ್ತಾರೆ. ಬಿದ್ದರೆ ತಡೆಯಬೇಕಾದ್ದು ಆ ಗಂಟು, ಆ ಹುರಿ, ಅಷ್ಟೇ. ಅವಳಪ್ಪ ಬೊಹುಮೀರ್‌ಗೆ ಎಪ್ಪತ್ತೊಂದು ತುಂಬಿತ್ತು. ಐವತ್ತೈದು ವರ್ಷದಿಂದ ಹೀಗೇ ಹತ್ತುತ್ತಿದ್ದ. ಹೊಸ ಕುಣಿಕೆಗಳನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ ತುಂಬ ಮೆಚ್ಚಿದ್ದ. ಸೆಟೆದುಕೊಂಡಿವೆ, ಬಿರುಕಿಗೆ ತಳ್ಳಲು ಎಷ್ಟು ಚೆನ್ನ ಎಂದಿದ್ದ. ಸೆಟೆದುಕೊಂಡಿದ್ದು ಯಾಕೆಂದು ಅವಳು ಯೋಚಿಸಿರಲಿಲ್ಲ. ಹದಿನೇಳು ವರ್ಷ ಹುರಿ ಮುಟ್ಟಿದ ಬೆರಳುಗಳಿಗೆ ಅದು ತಿಳಿಯಬೇಕಿತ್ತು.

ಇವತ್ತು ಅವನು ತನ್ನ ಹಳೆಯ ಗೆಳೆಯ ಸ್ವಾತೋಷ್ ಜೊತೆ ‘ರೊಟ್ಟಿಗಾರ’ ಎಂಬ ಗೋಪುರಬಂಡೆಗೆ ಹೋಗಿದ್ದ. ಹೊಸ ಕುಣಿಕೆಗಳನ್ನು ಮೊದಲ ಸಲ ಬಳಸುತ್ತೇನೆಂದು ನಿನ್ನೆ ಫೋನಿನಲ್ಲಿ ಹೇಳಿದ್ದ.

ಅವಳು ಫೋನು ಮಾಡಿದಳು. ರಿಂಗಾಗುತ್ತಲೇ ಇತ್ತು. ಅಪ್ಪ ಫೋನನ್ನು ಕಾರಿನಲ್ಲೇ ಬಿಟ್ಟು ಹೋಗುತ್ತಾನೆ, ಸ್ವಾತೋಷ್ ಬಳಿ ಫೋನೇ ಇಲ್ಲ ಎಂಬುದು ಗೊತ್ತಿದ್ದೂ ಮೆಟ್ಟಿಲಿಳಿಯುತ್ತ ಮೂರು ಸಲ, ಕಾರಿನ ಬಾಗಿಲು ತೆಗೆಯುತ್ತ ಒಂದು ಸಲ ಮಾಡಿದಳು. ಯಂತ್ರ ಆರಿಸಲು ಮರೆತದ್ದು ಊರು ದಾಟಿದ ಮೇಲೆ ನೆನಪಾಯಿತು.

ತುರ್ನೋವಿನ ದಾರಿ ಅವತ್ತು ಖಾಲಿಯಿತ್ತು. ವೆಂದುಲ ಲೆಕ್ಕ ಹಾಕುತ್ತ ಓಡಿಸಿದಳು. ಲೆಕ್ಕ ಬೇಡವೆಂದರೂ ತಲೆ ಬಿಡಲಿಲ್ಲ. ಹುರಿ ಇನ್ನೂರೈವತ್ತಕ್ಕೆ ಹರಿಯುತ್ತದೆಂದು ಇಟ್ಟುಕೊಂಡರೆ, ಕುಣಿಕೆಯಲ್ಲಿ ಎರಡು ಎಳೆ, ಆದರೆ ಗಂಟು ಅರ್ಧ ಬಲ ತಿನ್ನುತ್ತದೆ. ಉಳಿಯುವುದು ಮತ್ತೆ ಇನ್ನೂರೈವತ್ತೇ. ಇನ್ನೂರೂ ಇರಬಹುದು. ಅಪ್ಪನ ತೂಕ ಎಂಬತ್ತನಾಲ್ಕು. ಸುಮ್ಮನೆ ನೇತಾಡಿದರೆ ತಡೆಯುತ್ತದೆ. ಎರಡು ಮೀಟರ್ ಬಿದ್ದರೆ ಆ ಎಂಬತ್ತನಾಲ್ಕು ಐನೂರಾಗುತ್ತದೆ. ಐನೂರಕ್ಕೆ ಆ ಹುರಿ ಹತ್ತಿಯ ದಾರದಂತೆ ಹರಿಯುತ್ತದೆ, ಅದರ ಕೆಳಗಿನದೂ ಹರಿಯುತ್ತದೆ, ಅಪ್ಪ ನೆಲಕ್ಕೆ ಬರುತ್ತಾನೆ. ಅಂಗೈ ಬೆವರಿ ಸ್ಟಿಯರಿಂಗು ಜಾರುತ್ತಿತ್ತು. ಒಂದೊಂದೇ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಓಡಿಸಿದಳು.

ಪೈನ್ ಕಾಡಿನ ಅಂಚಿನಲ್ಲಿ ಅಪ್ಪನ ಹಸಿರು ಸ್ಕೋಡಾ ನಿಂತಿತ್ತು. ಅವಳು ಕಾರು ನಿಲ್ಲಿಸಿ ಮರಳಿನ ಕಾಲುದಾರಿಯಲ್ಲಿ ಓಡಿದಳು. ಕೆಟ್ಟ ಸದ್ದೇನಾದರೂ ಕೇಳುತ್ತದೆಯೇ ಎಂದು ಕಿವಿ ಕಾದಿತ್ತು. ಏನೂ ಕೇಳದಿದ್ದದ್ದು ಇನ್ನೂ ಹೆಚ್ಚು ಹೆದರಿಸಿತು. ತಿರುವು ದಾಟಿದಾಗ ಬಂಡೆ ಕಂಡಿತು. ಬುಡದಲ್ಲಿ ಸ್ವಾತೋಷ್ ಕತ್ತೆತ್ತಿ ಹಗ್ಗ ಹಿಡಿದು ನಿಂತಿದ್ದ. ಹದಿನಾಲ್ಕು ಮೀಟರ್ ಮೇಲೆ, ಎರಡು ಬೆರಳಗಲದ ಅಂಚಿನ ಮೇಲೆ ಕಾಲ್ತುದಿ ಊರಿ, ಬಂಡೆಗೆ ಕೆನ್ನೆ ಒತ್ತಿಕೊಂಡು ಅಪ್ಪ ನಿಂತಿದ್ದ. ಅವನ ಸೊಂಟದ ಹತ್ತಿರ ಬಿರುಕಿನಲ್ಲಿ ಒಂದು ಬಿಳಿ ಕುಣಿಕೆ. ಅದಕ್ಕಿಂತ ಐದು ಮೀಟರ್ ಕೆಳಗೆ ಇನ್ನೊಂದು. ಹಿಂದೆ ಹತ್ತಿದವರು ಬಂಡೆಯ ಮೈಗೆ ಹೂಳಿಟ್ಟ ಗಟ್ಟಿಯಾದ ಕಬ್ಬಿಣದ ಬಳೆ ಅವನ ತಲೆಯಿಂದ ಇನ್ನೂ ನಾಲ್ಕು ಮೀಟರ್ ಮೇಲಿತ್ತು.

ಅಷ್ಟರಲ್ಲೇ ಅಪ್ಪ ಮೇಲಿನಿಂದ ಕೂಗಿ ಹೇಳುವುದು ಕೇಳಿಸಿತು. “ಇವತ್ತು ಆಗಲ್ಲ ಕಣೋ. ತೋಳು ಸೋತವು. ಹಗ್ಗ ಬಿಗಿ ಮಾಡು, ಕೂರ್ತೀನಿ, ಇಳಿಸು.”

“ಬೇಡ ಮಾಮ, ಬಿಗಿ ಮಾಡ್ಬೇಡ,” ಎಂದಳು ವೆಂದುಲ. ಕೂಗಬಾರದೆಂದುಕೊಂಡಿದ್ದರೂ ಕೂಗಿಯೇ ಹೋಗಿತ್ತು.

ಸ್ವಾತೋಷ್ ಬೆಚ್ಚಿ ತಿರುಗಿದ. ಮೇಲೆ ಅಪ್ಪನ ಬಲಗಾಲು ನಡುಗಲು ಶುರುವಾಯಿತು. ಹೊಲಿಗೆ ಯಂತ್ರದ ಸೂಜಿಯ ಹಾಗೆ ಹಿಮ್ಮಡಿ ಕುಣಿಯುತ್ತಿತ್ತು. ಅವಳು ಸ್ವಾತೋಷ್‌ನ ಕಿವಿಯ ಬಳಿ ಬಂದು ಎರಡು ಮಾತಿನಲ್ಲಿ ಹೇಳಿದಳು. ಮುದುಕನ ಮುಖ ಬಿಳುಚಿತು. ಇಳಿಸುವಾಗ ಕುಣಿಕೆಯ ಮೇಲೆ ಬೀಳುವುದು ಒಬ್ಬನ ಭಾರವಲ್ಲ, ಹೆಚ್ಚುಕಡಿಮೆ ಇಬ್ಬರದು. ಹಗ್ಗ ಕೊಂಡಿಯ ಮೂಲಕ ತಿರುಗಿ ಬರುವಾಗ ಒಂದು ಕಡೆ ಬೊಹುಮೀರ್, ಇನ್ನೊಂದು ಕಡೆ ಅವನನ್ನು ತಡೆಯುವ ಕೈ. ಇದನ್ನು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಅವನಿಗೆ ಹೇಳ್ಬೇಡ ಕಣಮ್ಮ,” ಎಂದು ಪಿಸುಗುಟ್ಟಿದ. “ಗೊತ್ತಾದ್ರೆ ಅಲ್ಲೇ ಕೈ ಬಿಟ್ಬಿಡ್ತಾನೆ. ಏನಾದ್ರೂ ನೆಪ ಹೇಳಿ ಮೇಲಕ್ಕೆ ಹತ್ತಿಸೋಣ.”

ಅವಳಿಗೂ ಆ ಆಸೆ ಇತ್ತು. ಹೇಳದೆ ಇದ್ದುಬಿಟ್ಟರೆ, ಅಪ್ಪ ಹೇಗೋ ನಾಲ್ಕು ಮೀಟರ್ ಹತ್ತಿ ಬಳೆಗೆ ಕೊಂಡಿ ಹಾಕಿಬಿಟ್ಟರೆ, ಯಾರಿಗೂ ಯಾವತ್ತೂ ತಿಳಿಯದೆ ಹೋದರೆ. ಆದರೆ ತೋಳು ಸೋತವನು ಹತ್ತುವುದಿಲ್ಲ. ಕುಣಿಕೆ ತಡೆಯುತ್ತದೆಂಬ ಧೈರ್ಯದಲ್ಲಿ ಹತ್ತಲು ನೋಡಿ ಬೀಳುತ್ತಾನೆ. ಅವಳು ಬಂಡೆಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು, ಅಪ್ಪನಿಗೆ ತನ್ನ ಮುಖ ಕಾಣುವ ಕಡೆ ನಿಂತಳು.

“ಅಪ್ಪಾ, ನಾನು. ಆ ಕುಣಿಕೆಗಳು ಸರಿಯಿಲ್ಲ. ರೀಲು ಅದಲುಬದಲಾಗಿದೆ. ನಂದೇ ತಪ್ಪು.”

ಅಪ್ಪ ಸೊಂಟದ ಬಳಿಯ ಬಿಳಿ ಕುಣಿಕೆಯನ್ನು ನೋಡಿದ. ಕಾಲು ಕುಣಿಯುತ್ತಲೇ ಇತ್ತು. ಆಮೇಲೆ ಹಿಮ್ಮಡಿಯನ್ನು ಕೆಳಕ್ಕೆ ಒತ್ತಿ ಅದನ್ನು ನಿಲ್ಲಿಸಿದ.

“ಎಷ್ಟು ತಡೆಯತ್ತೆ?” ಎಂದು ಕೇಳಿದ.

“ಮೆಲ್ಲಗೆ ಕೂತರೆ ನಿನ್ನ ತಡೆಯತ್ತೆ. ಬಿದ್ರೆ ತಡೆಯಲ್ಲ. ಇಳಿಸೋಕೂ ಆಗಲ್ಲ, ಎರಡರಷ್ಟು ಭಾರ ಬೀಳತ್ತೆ.”

“ಹಳೇ ಕುಣಿಕೆ ತಂದಿಲ್ಲ,” ಎಂದ ಅಪ್ಪ. “ಆರೂ ನೀನು ಕೊಟ್ಟವೇ.”

ಅದರಲ್ಲಿ ಚುಚ್ಚುಮಾತೇನೂ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಸೊಂಟಪಟ್ಟಿಯಿಂದ ಚಿಕ್ಕದೊಂದು ಪಟ್ಟಿ ತೆಗೆದು ನೇರ ಕುಣಿಕೆಗೇ ಸಿಕ್ಕಿಸಿಕೊಂಡು, ಕಾಲಿನ ಮೇಲೆ ಅರ್ಧ, ಕುಣಿಕೆಯ ಮೇಲೆ ಅರ್ಧ ಭಾರ ಇಟ್ಟು ನಿಲ್ಲು ಎಂದು ಅವಳು ಹೇಳಿದಳು. ಅವನು ಹಾಗೇ ಮಾಡಿದ. ಬಿಳಿ ಹುರಿ ಬಿಗಿಯುವುದನ್ನು ಅವಳು ಕೆಳಗಿನಿಂದ ನೋಡಿದಳು. ನಿಂತಿತು. ರಕ್ಷಣೆಯವರನ್ನು ಕರೆದರೆ ಬರಲು ಒಂದು ಗಂಟೆ. ಆ ಅಂಚಿನ ಮೇಲೆ ಎಪ್ಪತ್ತೊಂದರ ಕಾಲು ಒಂದು ಗಂಟೆ ನಿಲ್ಲುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಆದರೂ ಅವಳು ಕರೆ ಮಾಡಿ ಜಾಗ ಹೇಳಿದಳು. ಆಮೇಲೆ ಸ್ವಾತೋಷ್‌ನ ಚೀಲದ ಪಕ್ಕ ಬಿದ್ದಿದ್ದ ಇನ್ನೊಂದು ಹಗ್ಗವನ್ನು ನೋಡಿದಳು. ನೈಲಾನಿನ ಹಗ್ಗ, ಅಂಗಡಿಯದು, ಯಾವ ಪ್ರಯೋಗವೂ ತಾಗದ್ದು.

ಬಂಡೆಯ ಹಿಂಬದಿಯಲ್ಲಿ ಹಳೆಯ ದಾರಿಯಿತ್ತು. ತಲೆಯಿಂದ ಬುಡದವರೆಗೆ ಸೀಳಿದ ಕೊರಕಲು. ಒಳಗೆ ನುಗ್ಗಿ ಒಂದು ಗೋಡೆಗೆ ಬೆನ್ನು, ಇನ್ನೊಂದಕ್ಕೆ ಕಾಲು ಕೊಟ್ಟು ಏರಬೇಕು. ಮಕ್ಕಳ ದಾರಿ ಎಂದು ಕರೆಯುತ್ತಿದ್ದರು. ಹನ್ನೊಂದನೇ ವಯಸ್ಸಿನಲ್ಲಿ ಅವಳು ಅದನ್ನು ಹತ್ತಿದ್ದಳು. ಈಗ ನಲವತ್ತಾರು. ಸ್ವಾತೋಷ್ ಅಪ್ಪನ ಹಗ್ಗ ಬಿಟ್ಟು ಬರುವ ಹಾಗಿರಲಿಲ್ಲ. ಅವಳ ಹಗ್ಗ ಹಿಡಿಯಲು ಇನ್ನೊಬ್ಬರು ಇರಲಿಲ್ಲ. ಹಗ್ಗವನ್ನು ಬೆನ್ನಿಗೆ ಹಾಕಿಕೊಂಡರೆ ಕೊರಕಲಿನಲ್ಲಿ ಸಿಕ್ಕಿಕೊಳ್ಳುತ್ತದೆಂದು ಅದರ ತುದಿಯನ್ನು ಸೊಂಟಕ್ಕೆ ಕಟ್ಟಿ, ಉಳಿದದ್ದನ್ನು ಬುಡದಲ್ಲಿ ಸುರುಳಿ ಬಿಟ್ಟು, ಎರಡು ಕೊಂಡಿಗಳನ್ನು ಬೆಲ್ಟಿಗೆ ಸಿಕ್ಕಿಸಿ ಒಳಗೆ ನುಗ್ಗಿದಳು.

ಒಳಗೆ ತಂಪು, ಕತ್ತಲೆ, ಒದ್ದೆ ಮರಳಿನ ವಾಸನೆ. ಐದು ಮೀಟರ್ ತನಕ ಅವಳು ಯೋಚಿಸದೆ ಏರಿದಳು. ಆರನೆಯದರಲ್ಲಿ ಬೂಟಿನಡಿಯ ಮರಳು ಕಳಚಿ ಕಾಲು ಜಾರಿತು. ಬೆನ್ನು ಕಲ್ಲಿಗೆ ಉಜ್ಜಿ ಅಂಗಿ ಹರಿಯಿತು, ಅವಳು ನಿಂತಳು. ನಿಂತಲ್ಲೇ ಇಡೀ ಮೈ ಕಲ್ಲಾಯಿತು. ಕೆಳಗೆ ನೋಡಬೇಡ ಎಂದುಕೊಂಡು ಕೆಳಗೆ ನೋಡಿದಳು. ಕಾಲುಗಳ ನಡುವೆ ಸುರುಳಿ ಹಗ್ಗ ಒಂದು ನಾಣ್ಯದಷ್ಟು ಚಿಕ್ಕದಾಗಿ ಕಂಡಿತು. ಇಪ್ಪತ್ತನಾಲ್ಕು ವರ್ಷದ ಹಿಂದೆ ಬಿದ್ದವನ ಹೆಸರೇನೆಂದು ನೆನಪಿಸಿಕೊಳ್ಳಲು ಅವಳ ತಲೆ ಹಟ ಹಿಡಿಯಿತು. ಹೆಸರು ಸಿಗಲಿಲ್ಲ. ಅವನು ಬಿದ್ದ ಸದ್ದು ಮಾತ್ರ ಸಿಕ್ಕಿತು. ಗೋಡೆಯ ಆಚೆಯಿಂದ ಸ್ವಾತೋಷ್ ಏನೋ ಕೂಗಿದ; ಮಾತು ತಿಳಿಯಲಿಲ್ಲ, ದನಿಯಲ್ಲಿ ಅವಸರವಿತ್ತು. ಅವಳು ಅಳುತ್ತಲೇ ಬಲಗಾಲನ್ನು ಒಂದು ಗೇಣು ಮೇಲಿಟ್ಟಳು, ಬೆನ್ನು ತಳ್ಳಿದಳು, ಎಡಗಾಲನ್ನಿಟ್ಟಳು. ಆಮೇಲೆ ಮೀಟರು ಎಣಿಸಲಿಲ್ಲ, ಗೇಣು ಎಣಿಸಿದಳು. ತೊಂಬತ್ತರ ಮೇಲೆ ಎಲ್ಲೋ ಲೆಕ್ಕ ತಪ್ಪಿತು, ಮುಖಕ್ಕೆ ಬಿಸಿಲು ಬಿತ್ತು.

ತುದಿಯ ಮೇಲೆ ಒಂದು ಊಟದ ಮೇಜಿನಷ್ಟು ಜಾಗ. ನಡುವೆ ಇನ್ನೊಂದು ಕಬ್ಬಿಣದ ಬಳೆ, ಪಕ್ಕದಲ್ಲಿ ಹತ್ತಿದವರು ಹೆಸರು ಬರೆಯುವ ಪುಸ್ತಕದ ತಗಡಿನ ಡಬ್ಬ. ಅವಳು ಬಗ್ಗಿಯೇ ನಡೆದು ಮೊದಲು ತನ್ನನ್ನು ಬಳೆಗೆ ಕಟ್ಟಿಕೊಂಡಳು, ಹಗ್ಗ ಮೇಲೆಳೆದುಕೊಂಡು ಬಳೆಗೆ ಹಾಕಿದ ಕೊಂಡಿಯಲ್ಲಿ ಹಾಯಿಸಿದಳು, ಇನ್ನೊಂದು ತುದಿಗೆ ಎಂಟರ ಆಕಾರದ ಗಂಟು ಹಾಕಿ ಎರಡನೇ ಕೊಂಡಿ ಸಿಕ್ಕಿಸಿದಳು. ಬೆರಳುಗಳಿಗೆ ಮಾತ್ರ ಹೆದರಿಕೆ ಇರಲಿಲ್ಲ. ಅವು ಅಪ್ಪ ಕಲಿಸಿದ್ದನ್ನು ತಮ್ಮ ಪಾಡಿಗೆ ಮಾಡಿದವು. ಹೊಟ್ಟೆಯ ಮೇಲೆ ಮಲಗಿ ಅಂಚಿನಾಚೆ ತಲೆ ಹಾಕಿದಳು. ಕೆಳಗೆ ಅಪ್ಪನ ಬೋಳುತಲೆ ಕಂಡಿತು. ಎರಡೂ ಕಾಲುಗಳು ಕುಣಿಯುತ್ತಿದ್ದವು.

ಹಗ್ಗ ಬಿಟ್ಟಳು. ಮೇಲಿನ ಉಬ್ಬು ತಾಗಿ ಅದು ಅಪ್ಪನಿಂದ ಒಂದು ತೋಳು ದೂರದಲ್ಲಿ ತೂಗಿತು. ಅವನು ಕೈ ಚಾಚಲಿಲ್ಲ. ಚಾಚಿದರೆ ಭಾರವೆಲ್ಲ ಕುಣಿಕೆಗೆ ಬೀಳುತ್ತದೆಂದು ಅವನಿಗೆ ತಿಳಿದಿತ್ತು. ಅವಳು ಹಗ್ಗವನ್ನು ಮೆಲ್ಲಗೆ ಓಲಾಡಿಸಿದಳು. ಎರಡು ಸಲ ಅದು ಅವನ ಭುಜ ಸವರಿ ಹೋಯಿತು. ಮೂರನೇ ಸಲ ಅವನು ಹಲ್ಲಿನಿಂದ ಕಚ್ಚಿ ಹಿಡಿದ. ಒಂದೇ ಕೈಯಲ್ಲಿ ಕೊಂಡಿಯನ್ನು ಸೊಂಟಪಟ್ಟಿಗೆ ಹಾಕಿಕೊಳ್ಳಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೋ, ಅವಳಿಗೆ ಗೊತ್ತಾಗಲಿಲ್ಲ. ಕೊನೆಗೆ ಕೊಂಡಿ ಮುಚ್ಚಿದ ಟಕ್ ಎಂಬ ಸದ್ದು ಬಂಡೆಯ ಮೇಲಿನವರೆಗೂ ಕೇಳಿತು.

“ಹಿಡ್ಕೊಂಡಿದೀಯಾ?” ಎಂದ.

“ಹಿಡ್ಕೊಂಡಿದೀನಿ.”

ಅವನು ಮೊದಲು ಬಿಳಿ ಕುಣಿಕೆಯನ್ನು ಬಿರುಕಿನಿಂದ ಬಿಡಿಸಿಕೊಂಡು ಜೇಬಿಗೆ ಹಾಕಿಕೊಂಡ. ಆಮೇಲೆ ಹತ್ತಿ ಬಂದ. ಮೂರು ಕಡೆ ಹಗ್ಗದ ಮೇಲೇ ಭಾರ ಬಿಟ್ಟು ನಿಂತ, ಅವಳ ಅಂಗೈ ಸುಲಿಯಿತು. ತುದಿ ಮುಟ್ಟಿದವನು ಮಗಳ ಪಕ್ಕದಲ್ಲಿ ಅಂಗಾತ ಮಲಗಿದ. ತುಟಿಯ ಮೇಲೆ ಹಗ್ಗದ ನಾರು ಅಂಟಿತ್ತು. ಕೆಳಗೆ ರಕ್ಷಣೆಯವರ ಗಾಡಿ ಬಂದಾಗ ಸ್ವಾತೋಷ್ ಅವರಿಗೆ ಏನೇನೋ ಹೇಳಿ ಕಳಿಸಿದ.

ಇಳಿಯುವ ಹೊತ್ತಿಗೆ ಇನ್ನೊಂದು ಕಷ್ಟ ಎದುರಾಯಿತು. ಅಂಚಿನಾಚೆ ಬೆನ್ನು ಹಾಕಿ ಹಗ್ಗಕ್ಕೆ ಒರಗಬೇಕಿತ್ತು, ವೆಂದುಲಳಿಂದ ಆಗಲಿಲ್ಲ. ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟಳು. ಹಗ್ಗ ಒಳ್ಳೆಯದೆಂದು ಗೊತ್ತು, ಎಷ್ಟು ಕಿಲೋ ತಡೆಯುತ್ತದೆಂದೂ ಗೊತ್ತು. ಚೀಟಿಯ ಮೇಲೆ ಬರೆದದ್ದು ನಿಜವೆಂದು ಯಾರು ಹೇಳಬೇಕು ಎಂಬ ಪ್ರಶ್ನೆ ಮಾತ್ರ ಬಿಡುತ್ತಿರಲಿಲ್ಲ. ಅಪ್ಪ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ ಬಳೆಯಿಂದ ಬಿಡಿಸಿದ. “ಕಣ್ಣು ಮುಚ್ಕೋ ಪುಟ್ಟಿ, ಕಾಲು ಅಗಲ ಇಡು,” ಎಂದು ಹೇಳಿ ಅವಳನ್ನು ತಾನೇ ಇಳಿಸಿದ.

ಸೋಮವಾರ ಅವಳು ಪ್ರಯೋಗಾಲಯದ ಮುಖ್ಯಸ್ಥೆಗೆ ಎಲ್ಲವನ್ನೂ ಹೇಳಿದಳು. ಚೀಟಿ ಬದಲಾದದ್ದು, ಹುರಿ ಕದ್ದದ್ದು, ಬಂಡೆ. ಆ ಹೆಂಗಸು ಕೇಳುತ್ತ ಕೇಳುತ್ತ ಎದ್ದು ಹೋಗಿ ಕಪಾಟಿನಲ್ಲಿದ್ದ ಆ ರೀಲುಗಳೆರಡನ್ನೂ ಬೀಗದೊಳಗಿಟ್ಟಳು. ಮೂರು ತಿಂಗಳು ಸಾಮಗ್ರಿ ಕೋಣೆಯ ಕೀಲಿ ವೆಂದುಲಳಿಗೆ ಸಿಗದು, ಇನ್ನು ಮುಂದೆ ರೀಲಿನ ಗುರುತನ್ನು ಲೋಹದ ಬಿಲ್ಲೆಯಲ್ಲಿ ಕೊರೆಯಬೇಕು ಎಂದಾಯಿತು. ಕೆಲಸ ಉಳಿಯಿತು. ಆರು ಕುಣಿಕೆಗಳನ್ನೂ ಎಳೆದು ನೋಡು ಎಂದು ಮುಖ್ಯಸ್ಥೆಯೇ ಹೇಳಿದಳು. ಗಂಟು ಹಾಕಿದ ಹುರಿಯ ಅಂಕಿ ಹೇಗೂ ಬೇಕಾಗಿತ್ತು.

ಮಂಗಳವಾರ ಮಧ್ಯಾಹ್ನ ಅಪ್ಪ ಫೋನು ಮಾಡಿದ. ತಾನು ತೂಗಿಕೊಂಡಿದ್ದ ಕುಣಿಕೆ ಎಷ್ಟಕ್ಕೆ ಹರಿಯಿತೆಂದು ಕೇಳಿದ. ಇನ್ನೂರ ಹನ್ನೊಂದು ಎಂದಳು. ಆಚೆ ಕಡೆ ತಟ್ಟೆಗೆ ಚಮಚ ಇಟ್ಟ ಸದ್ದಾಯಿತು.

“ನೀನು ಹಿಂದ್ಗಡೆ ಹತ್ತುತಾ ಇದ್ದಾಗ ನನ್ನ ಕಾಲು ಜಾರಿತ್ತು ಕಣೇ,” ಎಂದ ಅಪ್ಪ. “ಒಂದು ಅಂಗೈ ಅಗಲ. ಎರಡು ಕಾಲೂ. ಆ ಕುಣಿಕೆ ಮೇಲೇ ಬಿದ್ದೆ. ಆಗ್ಲೇ ಸ್ವಾತೋಷ್ ಕೂಗಿದ್ದು. ನಿನಗೆ ಹೇಳ್ಬೇಡ ಅಂದಿದ್ದೆ ಅವನಿಗೆ.”

ವೆಂದುಲ ಫೋನು ಕಿವಿಗೆ ಹಿಡಿದೇ ಇನ್ನೊಂದು ಕೈಯಿಂದ ಹಿಂದೆ ತಡಕಾಡಿ ಕುರ್ಚಿ ಸಿಕ್ಕಿದ ಮೇಲೆ ಕೂತಳು.